ದೊಡ್ಡ ನಾಯಿಯ ಸೊಂಟ: ಎಕ್ಸ್‌ರೇ ನೋಡಿ ಜೋಡಿ ಮಾಡುವುದು

ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೈಲರ್, ಸೇಂಟ್ ಬರ್ನಾರ್ಡ್. ಈ ದೊಡ್ಡ ನಾಯಿಗಳ ಮರಿಗಳು ಹುಟ್ಟಿದಾಗ ಸೊಂಟದ ಕೀಲು ಸರಿಯಾಗಿಯೇ ಇರುತ್ತದೆ. ಕೆಡುವುದು ಆಮೇಲೆ. ತೊಡೆಮೂಳೆಯ ಗುಂಡುತಲೆ ಸೊಂಟದ ಮೂಳೆಯ ಗುಳಿಯಲ್ಲಿ ಬಿಗಿಯಾಗಿ ಕೂತು ತಿರುಗಬೇಕು. ಕೆಲವು ಮರಿಗಳಲ್ಲಿ ಈ ಹಿಡಿತ ಸಡಿಲ. ಮೂಳೆ ಇನ್ನೂ ಎಳಸಾಗಿರುವ ತಿಂಗಳುಗಳಲ್ಲಿ ತಲೆ ಅರೆಬರೆ ಹೊರಗೆ ಸರಿಯುತ್ತ, ಮತ್ತೆ ಒಳಗೆ ಬೀಳುತ್ತ ಗುಳಿಯ ಅಂಚನ್ನು ತೇಯುತ್ತದೆ. ಗುಳಿ ಆಳವಾಗುವುದಿಲ್ಲ, ತಲೆ ಚಪ್ಪಟೆಯಾಗುತ್ತದೆ, ಕೊನೆಗೆ ಕೀಲುಸವೆತ. ಹಿಪ್ ಡಿಸ್‌ಪ್ಲೇಸಿಯಾ ಎನ್ನುವುದು ಇದನ್ನೇ. ಅಮೆರಿಕದ ಪಶುವೈದ್ಯ ಗೆರಿ ಷ್ನೆಲ್ 1935ರಲ್ಲಿ ನಾಯಿಗಳಲ್ಲಿ ಇದನ್ನು ಮೊದಲ ಬಾರಿಗೆ ವಿವರಿಸಿದರು.

ಏಳುವಾಗ ತಡವರಿಸುವುದು, ಓಡುವಾಗ ಹಿಂಗಾಲು ಎರಡನ್ನೂ ಜೋಡಿಸಿ ಕುಪ್ಪಳಿಸುವುದು, ಮೆಟ್ಟಿಲ ಮುಂದೆ ನಿಂತುಬಿಡುವುದು: ಲಕ್ಷಣಗಳು ಇಂಥವು. ಆದರೆ ಎಷ್ಟೋ ನಾಯಿಗಳು ವರ್ಷಗಟ್ಟಲೆ ಏನನ್ನೂ ತೋರಿಸಿಕೊಳ್ಳುವುದಿಲ್ಲ. ಮರಿ ಮಾರುವವರು "ತಂದೆ ಹೆಂಗೆ ಓಡ್ತಾನೆ ನೋಡಿ ಸಾರ್" ಎಂದರೆ ಅದರಿಂದ ತಿಳಿಯುವುದು ಅವನು ಇವತ್ತು ಓಡುತ್ತಿದ್ದಾನೆ ಎನ್ನುವುದಷ್ಟೇ. ಒಳಗಿನ ಕೀಲು ಗೊತ್ತಾಗಬೇಕಾದರೆ ಎಕ್ಸ್‌ರೇ ಬೇಕು.

ಆ ಎಕ್ಸ್‌ರೇ ತೆಗೆಯುವುದೂ ಒಂದು ಕಸುಬು. ನಾಯಿಗೆ ಮಂಪರಿನ ಇಂಜೆಕ್ಷನ್ ಕೊಟ್ಟು ಅಂಗಾತ ಮಲಗಿಸುತ್ತಾರೆ. ಹಿಂಗಾಲುಗಳನ್ನು ನೇರ ಹಿಂದಕ್ಕೆ ಎಳೆದು, ಒಂದಕ್ಕೊಂದು ಸಮಾನಾಂತರವಾಗಿಟ್ಟು, ಮಂಡಿಚಿಪ್ಪುಗಳು ಮೇಲಕ್ಕೆ ನೋಡುವಂತೆ ಕಾಲನ್ನು ಒಳಕ್ಕೆ ತಿರುಗಿಸುತ್ತಾರೆ. ಸೊಂಟ ಒಂದಿಷ್ಟು ವಾಲಿದರೂ ಒಂದು ಬದಿಯ ಗುಳಿ ಆಳವಾಗಿಯೂ ಇನ್ನೊಂದು ಆಳವಿಲ್ಲದಂತೆಯೂ ಕಾಣುತ್ತದೆ, ಆ ಫಿಲ್ಮು ಪ್ರಯೋಜನಕ್ಕೆ ಬಾರದು. ಮಂಪರು ಯಾಕೆಂದರೆ, ಎಚ್ಚರವಿರುವ ನಾಯಿ ಸ್ನಾಯು ಬಿಗಿಹಿಡಿದು ಕೀಲಿನ ಸಡಿಲವನ್ನು ಮುಚ್ಚಿಹಾಕುತ್ತದೆ. ಬೆದೆಗೆ ಬಂದ ಹೆಣ್ಣು, ಮರಿಗಳಿಗೆ ಹಾಲೂಡಿಸುತ್ತಿರುವ ತಾಯಿ ಇವರದನ್ನು ಆಗ ತೆಗೆಸದಿರುವುದೇ ಲೇಸು. ಹಾರ್ಮೋನಿನ ಏರಿಳಿತಕ್ಕೆ ಕೀಲು ಇರುವುದಕ್ಕಿಂತ ಸಡಿಲವಾಗಿ ಕಾಣಬಹುದು.

ಫಿಲ್ಮಿಗೆ ಅಂಕ ಹಾಕುವ ರೀತಿ ದೇಶಕ್ಕೊಂದು. ಅಮೆರಿಕದಲ್ಲಿ 1966ರಲ್ಲಿ ಹುಟ್ಟಿದ ಆರ್ಥೋಪೆಡಿಕ್ ಫೌಂಡೇಶನ್ ಫಾರ್ ಅನಿಮಲ್ಸ್ ಏಳು ದರ್ಜೆ ಇಟ್ಟುಕೊಂಡಿದೆ, ನಾಯಿಗೆ 24 ತಿಂಗಳು ತುಂಬುವ ತನಕ ಅಂತಿಮ ಪ್ರಮಾಣಪತ್ರ ಕೊಡುವುದಿಲ್ಲ. ಬ್ರಿಟನ್ನಿನಲ್ಲಿ ಒಂದು ವರ್ಷ ದಾಟಿದ ನಾಯಿಯ ಒಂದೊಂದು ಕೀಲನ್ನೂ ಒಂಬತ್ತು ಅಂಶಗಳಲ್ಲಿ ಅಳೆದು, ಎರಡೂ ಸೇರಿ 0ಯಿಂದ 106ರವರೆಗೆ ಅಂಕ ಕೊಡುತ್ತಾರೆ. ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಯುರೋಪಿನ ಬಹುಪಾಲು ದೇಶಗಳಲ್ಲಿ ಎ ಯಿಂದ ಇ ವರೆಗಿನ ಐದು ಅಕ್ಷರಗಳು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗೇಲ್ ಸ್ಮಿತ್ ಈ ಭಂಗಿಯ ಮೇಲೆಯೇ ತಕರಾರು ತೆಗೆದರು. ಕಾಲನ್ನು ನೇರ ಎಳೆದಾಗ ಕೀಲಿನ ಸುತ್ತಲಿನ ಚೀಲ ಹುರಿಗೊಂಡು ಬಿಗಿಯಾಗುತ್ತದೆ, ಸಡಿಲ ಅಡಗುತ್ತದೆ ಎಂಬುದು ಅವರ ವಾದ. ಅವರು ರೂಪಿಸಿದ ಪೆನ್‌ಹಿಪ್ ವಿಧಾನದಲ್ಲಿ ತೊಡೆಗಳ ನಡುವೆ ಒಂದು ಸಾಧನವಿಟ್ಟು, ತಲೆ ಗುಳಿಯಿಂದ ಎಷ್ಟು ಹೊರಗೆ ಜಾರುತ್ತದೆ ಎಂದು ಅಳೆಯುತ್ತಾರೆ. 16 ವಾರದ ಮರಿಗೂ ಇದು ಆಗುತ್ತದೆ. ಸೂಚ್ಯಂಕ 0.3ರ ಒಳಗಿದ್ದರೆ ಮುಂದೆ ಕೀಲುಸವೆತ ಬರುವ ಸಾಧ್ಯತೆ ತೀರ ಕಡಿಮೆ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದು ಒಂದು ನಾಯಿಯ ಕೀಲಿನ ಚಿತ್ರ. ಅದರ ಹೊಟ್ಟೆಯಲ್ಲಿ ಹುಟ್ಟುವ ಮರಿಗಳ ಬಗ್ಗೆ ಅದು ಎಷ್ಟು ಹೇಳುತ್ತದೆ? ನಾವು ಅಂದುಕೊಳ್ಳುವಷ್ಟಂತೂ ಅಲ್ಲ. ಈ ದೋಷದ ಹಿಂದೆ ಹಲವಾರು ಜೀನುಗಳಿವೆ, ಜೊತೆಗೆ ಸಾಕಣೆಯ ಪಾಲೂ ದೊಡ್ಡದು. ಅಮೆರಿಕದ ಪ್ಯೂರಿನಾ ಕಂಪನಿಯಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಒಂದೇ ಸೂಲಿನವು ಜೋಡಿಯಾಗುವಂತೆ ಬೆಳೆಸಿದ ಪ್ರಯೋಗವಿದೆ. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25 ಕಡಿಮೆ ಊಟ, ಬದುಕಿಡೀ. ಕಡಿಮೆ ಉಂಡವುಗಳಲ್ಲಿ ಸೊಂಟದ ದೋಷ ಕಡಿಮೆ, ಕೀಲುಸವೆತ ತಡ. ಅವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು ಕೂಡ. "ಮರಿ ದುಂಡಗಿರಬೇಕು" ಎಂದು ತಟ್ಟೆ ತುಂಬಿಸುವವರು ಇದನ್ನು ನೆನಪಿಟ್ಟರೆ ಒಳ್ಳೆಯದು. ನಮ್ಮ ಮಾತಿಗೆ ಬೇಕಾದದ್ದು ಇದರ ಮಗ್ಗುಲಿನ ಸಂಗತಿ: ಹಿತಮಿತವಾಗಿ ಉಂಡು ಬೆಳೆದ ನಾಯಿಯ ಫಿಲ್ಮು ಚೆನ್ನಾಗಿರಬಹುದು, ಜೀನುಗಳು ಹಾಗೇ ಇರಬಹುದು.

ಹಾಗಾದರೆ ಜೀನನ್ನು ಅಂದಾಜು ಮಾಡುವುದು ಹೇಗೆ? ಉತ್ತರ ಬಂದದ್ದು ಹೈನುಗಾರಿಕೆಯಿಂದ. ಹೋರಿ ಹಾಲು ಕೊಡುವುದಿಲ್ಲ. ಅದರ ಬೆಲೆ ಕಟ್ಟುವುದು ಹೆಣ್ಣುಕರುಗಳು ಬೆಳೆದು ಕರೆದ ಹಾಲಿನಿಂದ. ನಾಯಿಗೂ ಅಷ್ಟೇ: ತಂದೆತಾಯಿ, ಒಡಹುಟ್ಟು, ಹಿಂದಿನ ಸೂಲಿನ ಮರಿಗಳು, ಎಲ್ಲರ ಎಕ್ಸ್‌ರೇ ಅಂಕಗಳನ್ನು ಕೂಡಿಸಿ ಒಂದು ತಳಿಮೌಲ್ಯ ಲೆಕ್ಕ ಹಾಕಬಹುದು. ನ್ಯೂಜೆರ್ಸಿಯ ಮೋರಿಸ್‌ಟೌನ್‌ನಲ್ಲಿ ಅಂಧರಿಗೆ ದಾರಿತೋರುವ ನಾಯಿಗಳನ್ನು ತಯಾರು ಮಾಡುವ ಸೀಯಿಂಗ್ ಐ ಸಂಸ್ಥೆ ಈ ದಾರಿ ಹಿಡಿಯಿತು. ಅಲ್ಲಿನ ತಳಿವಿಜ್ಞಾನಿ ಎಲ್ಡಿನ್ ಲೇಟನ್ 1997ರಲ್ಲಿ ಫಲಿತಾಂಶ ಪ್ರಕಟಿಸಿದರು: ಐದು ತಲೆಮಾರು ತುಂಬುವ ಮೊದಲೇ ಡಿಸ್‌ಪ್ಲೇಸಿಯಾ ಇರುವ ಜರ್ಮನ್ ಶೆಫರ್ಡ್‌ಗಳ ಪ್ರಮಾಣ ಶೇ. 55ರಿಂದ 24ಕ್ಕೆ, ಲ್ಯಾಬ್ರಡಾರ್‌ಗಳಲ್ಲಿ ಶೇ. 30ರಿಂದ 10ಕ್ಕೆ ಇಳಿದಿತ್ತು. ಆ ಸಂಸ್ಥೆಗೆ ಒಂದು ಅನುಕೂಲವಿತ್ತು. ನಾಯಿಗಳೆಲ್ಲ ಅದರದ್ದೇ, ಚೆನ್ನಾಗಿಲ್ಲದ ಫಿಲ್ಮನ್ನೂ ಬಚ್ಚಿಡುವವರಿಲ್ಲ. ಖಾಸಗಿ ಬ್ರೀಡರ್‌ಗಳ ಲೋಕದಲ್ಲಿ ಫಿಲ್ಮು ಕಳಿಸುವುದು ಮಾಲೀಕರ ಇಷ್ಟ. ಕೆಟ್ಟದ್ದು ಕಂಡರೆ ಕಳಿಸದೆಯೇ ಇರುವವರು ಬಹಳ. ಹಾಗಾಗಿ ದಾಖಲೆಯಲ್ಲಿ ತಳಿ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ.

ಜರ್ಮನಿಯ ಶೆಫರ್ಡ್ ಸಂಘ ಈ ತಳಿಮೌಲ್ಯವನ್ನು ವಂಶಾವಳಿಯ ಕಾಗದದಲ್ಲೇ ಅಚ್ಚು ಹಾಕುತ್ತದೆ. ತಳಿಯ ಸರಾಸರಿ 100, ಅದಕ್ಕಿಂತ ಕೆಳಗಿದ್ದರೆ ಉತ್ತಮ. ಮರಿಗಳ ನಿರೀಕ್ಷಿತ ಮೌಲ್ಯ ತಂದೆತಾಯಿಯ ಸರಾಸರಿ. 108 ಇರುವ, ಸ್ವಭಾವ ಚಿನ್ನದಂಥ ಹೆಣ್ಣನ್ನು ಹೊರಗಿಡಬೇಕಾಗಿಲ್ಲ, 85ರ ಗಂಡು ಹುಡುಕಿದರೆ ಸರಾಸರಿ 96.5. ಇದು ನನಗೆ ಮೆಚ್ಚಿನ ಲೆಕ್ಕ. ಸೊಂಟ ಅತ್ಯುತ್ತಮವಾಗಿರುವ ನಾಲ್ಕಾರು ಗಂಡುಗಳನ್ನೇ ಊರೆಲ್ಲ ಕ್ರಾಸ್ ಮಾಡಿಸಿದರೆ ತಳಿಯ ವೈವಿಧ್ಯ ಕುಗ್ಗುತ್ತದೆ, ಒಂದು ದೋಷ ಕಳೆದು ಇನ್ನೊಂದು ಒಳಸೇರುತ್ತದೆ.

ಬೆಂಗಳೂರಿನಲ್ಲಿ ದೊಡ್ಡ ತಳಿಯ ಮರಿ ಕೊಳ್ಳುವವರು ಮೊದಲು ಕೇಳುವುದು "ಕೆಸಿಐ ಪೇಪರ್ ಇದೆಯಾ?" ಎಂದು. ಕೇಳಬೇಕಾದ್ದೇ, ಆದರೆ ಕೆನೆಲ್ ಕ್ಲಬ್ ಆಫ್ ಇಂಡಿಯಾದ ಆ ಕಾಗದ ಹೇಳುವುದು ಮರಿ ಯಾರ ವಂಶದ್ದು ಎಂದು. ಸೊಂಟದ ವಿಷಯವನ್ನು ಬೇರೆಯಾಗಿಯೇ ಕೇಳಬೇಕು: ತಂದೆ ತಾಯಿ ಇಬ್ಬರದೂ ಎಕ್ಸ್‌ರೇ ಆಗಿದೆಯೇ, ಎಷ್ಟು ವಯಸ್ಸಿನಲ್ಲಿ, ಓದಿದ್ದು ಯಾರು, ದರ್ಜೆ ಏನು. ಆಮೇಲೆ, ಇದೇ ತಾಯಿಯ ಹಿಂದಿನ ಸೂಲಿನ ಮರಿಗಳು ಈಗ ಯಾರ ಮನೆಯಲ್ಲಿವೆ, ಅವುಗಳಲ್ಲಿ ಎಷ್ಟರ ಫಿಲ್ಮು ತೆಗೆಸಿದ್ದಾರೆ. ಈ ಕೊನೆಯ ಪ್ರಶ್ನೆಗೆ ಫೋನ್ ನಂಬರ್ ಸಮೇತ ಉತ್ತರ ಕೊಡುವ ಬ್ರೀಡರ್ ಸಿಕ್ಕರೆ ಮರಿಗೆ ನಾಲ್ಕು ಕಾಸು ಹೆಚ್ಚಾದರೂ ಅಲ್ಲೇ ಕೊಳ್ಳಬಹುದು.