ಹೈದರನ ವರಹದಲ್ಲಿ ಶಿವ-ಪಾರ್ವತಿ

ತೊಗರ್ಸಿಯ ಮಲ್ಲಿಕಾರ್ಜುನ ದೇವಸ್ಥಾನ ನೋಡಿ ಹೊರಟವನನ್ನು ಪರಿಚಿತರೊಬ್ಬರು ಊಟಕ್ಕೆ ನಿಲ್ಲಿಸಿಕೊಂಡರು. ಕೈ ತೊಳೆದು ಕೂತ ಮೇಲೆ, ದೇವರ ಪೆಟ್ಟಿಗೆಯಿಂದ ಅರಿಶಿನ ಮೆತ್ತಿದ ಚಿನ್ನದ ನಾಣ್ಯವೊಂದು ಅಂಗೈಗೆ ಬಂತು. ಉಗುರಿನಗಲ, ತೂಕ ಮೂರೂವರೆ ಗ್ರಾಂ ಆಸುಪಾಸು ಇದ್ದೀತು. ಒಂದು ಬದಿಯಲ್ಲಿ ಶಿವ, ಪಕ್ಕಕ್ಕೆ ಪಾರ್ವತಿ. ತಿರುವಿದರೆ ಚುಕ್ಕಿಗಳ ನಡುವೆ ಒಂದೇ ಒಂದು ಪರ್ಷಿಯನ್ ಅಕ್ಷರ. ಮೈಸೂರಿನ ಹೈದರ್ ಅಲಿಯ ಹೆಸರಿನ ಮೊದಲಕ್ಷರ!

ಕೆಳದಿ ನಾಯಕರ ಇಕ್ಕೇರಿ ವರಹವಾಗಿದ್ದರೆ ಆ ಜಾಗದಲ್ಲಿ ನಾಗರಿಯ 'ಶ್ರೀ ಸದಾಶಿವ' ಇರುತ್ತಿತ್ತು. ರಾಜ್ಯ ಕಿತ್ತುಕೊಂಡವನು ದೇವರನ್ನು ಹಾಗೇ ಬಿಟ್ಟು ಬೆನ್ನಿಗೆ ಮಾತ್ರ ತನ್ನ ಗುರುತು ಹಾಕಿದ. ಇದು ಔದಾರ್ಯ ಎನ್ನುವವರುಂಟು. ನನಗೆ ಕಾಣುವುದು ವ್ಯಾಪಾರದ ಬುದ್ಧಿ: ಸಂತೆ ನಂಬಿದ ನಾಣ್ಯವನ್ನು ಕೆಡಿಸಬಾರದು. ಅವನು ಕೆಳದಿಯವರ ರಾಜಧಾನಿ ಬಿದನೂರಿಗೆ ದಂಡೆತ್ತಿ ಬಂದದ್ದು ಯಾಕೆ ಎಂಬುದಕ್ಕೂ ಈ ವರಹವೇ ಸಾಕ್ಷಿ ಅನ್ನಿಸಿತು.

ಬಾಯಿಮಾತಿನ ಕಾರಣ ಬೇರೆಯೇ ಇತ್ತು. ಸತ್ತನೆಂದುಕೊಂಡಿದ್ದ ಕೆಳದಿಯ ದೊರೆ ಚನ್ನಬಸಪ್ಪ ನಾಯಕ ತಾನೇ, ರಾಣಿ ವೀರಮ್ಮಾಜಿಯಿಂದ ಗದ್ದುಗೆ ಕೊಡಿಸಿ ಎಂದು ಒಬ್ಬ ಬಂದ. ಚಿತ್ರದುರ್ಗದ ನಾಯಕ ಅವನನ್ನು ಹೈದರನ ಮುಂದೆ ನಿಲ್ಲಿಸಿದ. 1763ರ ಆರಂಭದಲ್ಲಿ ದಂಡು ಹೊರಟಿತು. ಕುಂಸಿಯಲ್ಲಿ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ಕಾಡಿನ ಗುಟ್ಟಿನ ದಾರಿ ತೋರಿಸಿಕೊಟ್ಟ. ರಾಣಿ ಹಣ ಕೊಡುತ್ತೇನೆಂದರೂ ಹೈದರ್ ನಿಲ್ಲಲಿಲ್ಲ. ಮಾರ್ಚ್‌ನಲ್ಲಿ ಬಿದನೂರು ಬಿತ್ತು, ಹೈದರ್‌ನಗರವಾಯಿತು.

ಗದ್ದುಗೆ ಕೇಳಿ ಬಂದವನ ಗತಿ? ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುವಂತೆ ಅವನನ್ನೂ ರಾಣಿಯನ್ನೂ ಒಟ್ಟಿಗೇ ಮಧುಗಿರಿ ಕೋಟೆಗೆ ತಳ್ಳಿದರು! ವಾದಿ, ಪ್ರತಿವಾದಿ ಇಬ್ಬರಿಗೂ ಒಂದೇ ಸೆರೆ.

ಹೈದರನಿಗೆ ಬೇಕಿದ್ದುದು ಬೊಕ್ಕಸ, ಮೆಣಸು, ಅದಕ್ಕಿಂತ ಹೆಚ್ಚಾಗಿ ಮಂಗಳೂರು, ಹೊನ್ನಾವರದ ಬಂದರುಗಳು. ಸಮುದ್ರವೇ ಇಲ್ಲದ ಮೈಸೂರಿಗೆ ಹಡಗು ಕಟ್ಟುವ ಆಸೆ ಹುಟ್ಟಿದ್ದೇ ಆಮೇಲೆ. ಸಿಕ್ಕಿದ ಸಂಪತ್ತು 1 ಕೋಟಿ 20 ಲಕ್ಷ ಪೌಂಡ್ ಎಂದು ವಿಲ್ಕ್ಸ್ ಲೆಕ್ಕ. ನನಗದು ಉಬ್ಬಿಸಿದ ಅಂಕಿ ಅನ್ನಿಸುತ್ತದೆ. ಆದರೆ ತನ್ನ ಏಳಿಗೆಗೆಲ್ಲ ಬಿದನೂರೇ ಬುನಾದಿ ಎಂದು ಹೈದರ್ ಹೇಳಿಕೊಳ್ಳುತ್ತಿದ್ದನಂತೆ. ಅದನ್ನು ನಂಬಲು ಅಡ್ಡಿಯಿಲ್ಲ.

1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿ ಗೆದ್ದು ಸೆರೆಯಾಳುಗಳನ್ನು ಬಿಡಿಸಿದ. ಹೈದರನೊಂದಿಗೆ 35 ಲಕ್ಷ ರೂಪಾಯಿಗೆ ಒಪ್ಪಂದ ಮಾಡಿಕೊಂಡು ಹಿಂತಿರುಗಿದ. ಬಿದನೂರಿನ ಗದ್ದುಗೆಯನ್ನು ಅವನೂ ಯಾರಿಗೂ ಕೊಡಿಸಲಿಲ್ಲ.