ಬೆಂಡೆ ಬೀಜದ ಸಾರ ಮತ್ತು ಸಕ್ಕರೆ ಕಾಯಿಲೆ

ತಂಬ್ರಹಳ್ಳಿ ಭಾಗದ ಸ್ವಸಹಾಯ ಸಂಘಗಳ ಸಭೆಗೆ ಹೋದಾಗಲೆಲ್ಲ ನಮಗೆ ಎದುರಾಗುವ ಪ್ರಶ್ನೆ ಒಂದಿದೆ: "ಸಿಸ್ಟರ್, ಬೆಂಡಿಕಾಯಿ ಬೀಜ ಕುದಿಸಿ ಕುಡಿದ್ರೆ ಸುಗರ್ ಇಳಿತೈತಂತೆ, ಹೌದೇನ್ರಿ?" ಒಬ್ಬ ತಾಯಿ ಗುಳಿಗೆ ಬಿಟ್ಟು ಎರಡು ತಿಂಗಳು ಬರೀ ಆ ನೀರನ್ನೇ ಕುಡಿದಿದ್ದರು. ಕಾಲಿನ ಗಾಯ ಮಾಯದೆ ಹೋದಾಗಲೇ ನಮಗೆ ಸಂಗತಿ ಗೊತ್ತಾಯಿತು. ಆದ್ದರಿಂದ ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ.

ಬೀಜದಲ್ಲಿ ಏನಿದೆ?

ಒಣಗಿದ ಬೆಂಡೆ ಬೀಜದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಪ್ರೋಟೀನು. ಎಣ್ಣೆಯ ಅಂಶವೂ ಚೆನ್ನಾಗಿದೆ. ಜೊತೆಗೆ ಪಾಲಿಫೀನಾಲ್ ಎಂಬ ವಸ್ತುಗಳಿವೆ. ನಾವು ತಿಂದ ರೊಟ್ಟಿ, ಅನ್ನವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವದ ಕೆಲಸವನ್ನು ಇವು ಪ್ರಯೋಗಶಾಲೆಯಲ್ಲಿ ನಿಧಾನಗೊಳಿಸಿವೆ. ಕಾಯಿಯ ಲೋಳೆಯೂ ಕರುಳಿನಲ್ಲಿ ಸಕ್ಕರೆ ಹೀರುವುದನ್ನು ತಡಮಾಡುತ್ತದೆ.

ಸಂಶೋಧನೆ ಏನು ಹೇಳುತ್ತದೆ?

ತಮಿಳುನಾಡಿನ ಸಂಶೋಧಕರು ಸಕ್ಕರೆ ಕಾಯಿಲೆ ತರಿಸಿದ ಇಲಿಗಳಿಗೆ ಬೆಂಡೆ ಸಿಪ್ಪೆ ಮತ್ತು ಬೀಜದ ಪುಡಿಯನ್ನು 28 ದಿನ ಕೊಟ್ಟು, ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ರಕ್ತದ ಸಕ್ಕರೆ ಇಳಿದಿತ್ತು. ಇದು ಒಳ್ಳೆಯ ಸುದ್ದಿಯೇ. ಆದರೆ ಇಲಿಗೆ ಆದದ್ದು ಮನುಷ್ಯರಿಗೂ ಹಾಗೇ ಆಗುತ್ತದೆ ಎನ್ನಲಾಗದು. ಮನುಷ್ಯರ ಮೇಲೆ ನಡೆದಿರುವ ಪರೀಕ್ಷೆಗಳು ಚಿಕ್ಕವು. ಎಷ್ಟು ಬೀಜ, ಎಷ್ಟು ದಿನ ಎಂಬ ಅಳತೆ ಇನ್ನೂ ನಿಗದಿಯಾಗಿಲ್ಲ.

ಮೂರು ಎಚ್ಚರಿಕೆಗಳು

1. ಬಾಂಗ್ಲಾದೇಶದ ಸಂಶೋಧಕರು ಅದೇ 2011ರಲ್ಲಿ ಇನ್ನೊಂದು ಸಂಗತಿ ತಿಳಿಸಿದರು. ಬೆಂಡೆಯ ಲೋಳೆ ನೀರನ್ನು ಮೆಟ್‌ಫಾರ್ಮಿನ್ ಔಷಧಿಯ ಜೊತೆ ಕೊಟ್ಟಾಗ, ಇಲಿಗಳ ದೇಹಕ್ಕೆ ಔಷಧಿ ಸರಿಯಾಗಿ ಸೇರಲಿಲ್ಲ. ನಮ್ಮಲ್ಲಿ ಬಹಳ ಜನ ನುಂಗುವ ಗುಳಿಗೆ ಇದೇ. ಸಕ್ಕರೆ ಇಳಿಸಲೆಂದು ಕುಡಿದ ನೀರೇ ಗುಳಿಗೆಯನ್ನು ಕೆಡಿಸಬಹುದು.

2. ಬಿತ್ತನೆ ಬೀಜದ ಪ್ಯಾಕೆಟ್ ಒಡೆದು ಕುದಿಸಲೇಬೇಡಿ. ಕೆಂಪು, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಕೀಟನಾಶಕ ಅಥವಾ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ತೊಳೆದರೂ, ಕುದಿಸಿದರೂ ಆ ವಿಷ ಹೋಯಿತೆಂದು ನಂಬುವಂತಿಲ್ಲ.

3. ಬೆಂಡೆಯಲ್ಲಿ ಆಕ್ಸಲೇಟ್ ಇದೆ. ಮೂತ್ರಪಿಂಡದಲ್ಲಿ ಕಲ್ಲು ಇರುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ನಾವು ಏನು ಮಾಡೋಣ?

ಹಿತ್ತಲಲ್ಲಿ ನಾಲ್ಕು ಬೆಂಡೆ ಗಿಡ ಹಾಕೋಣ. ಎಳೆ ಕಾಯಿಯನ್ನು ಬೀಜದ ಸಮೇತ ಪಲ್ಯ ಮಾಡಿ ಜೋಳದ ರೊಟ್ಟಿ ಜೊತೆ ತಿನ್ನೋಣ, ಅದಕ್ಕೆ ಅಂಜಬೇಕಿಲ್ಲ. ಬೀಜದ ಸಾರ, ಪುಡಿ, ಲೋಳೆ ನೀರು ಔಷಧಿಯ ಬದಲಿಗೆ ಬೇಡ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ ತಪಾಸಣೆ ಉಂಟು. ಕೂಲಿ ತಪ್ಪುತ್ತದೆ ಎಂದು ಮುಂದೂಡಬೇಡಿ. ಆಶಾ ಕಾರ್ಯಕರ್ತೆಯನ್ನು ಕೇಳಿ, ಸಂಘದವರೆಲ್ಲ ಒಟ್ಟಿಗೆ ಹೋಗಿ ಬನ್ನಿ.

ಮೇಲೆ ಹೇಳಿದ ತಾಯಿ ಈಗ ಗುಳಿಗೆ ತಪ್ಪಿಸುವುದಿಲ್ಲ. ಗಾಯ ಮಾಯುತ್ತಿದೆ. "ಬೆಂಡಿಕಾಯಿ ತಾಟಿನ್ಯಾಗಿರ್ಲಿ, ಗುಳಿಗಿ ಕೈಯಾಗಿರ್ಲಿ" ಎಂದು ಈಗ ಅವರೇ ಉಳಿದವರಿಗೆ ಹೇಳುತ್ತಾರೆ.