ನಿಮಗಿದು ಗೊತ್ತೆ? ಉರಿ ನೋಡಿ ಗ್ಯಾಸ್ ಎಷ್ಟಿದೆ ಎನ್ನಲಾಗದು
ಅಡುಗೆಮನೆಯ ಸಿಲಿಂಡರಿನಲ್ಲಿ ಇರುವುದು ಬಹುಪಾಲು ದ್ರವ. ಅದರ ಮೇಲಿನ ಜಾಗದಲ್ಲಷ್ಟೇ ಅನಿಲ. ಒಲೆಗೆ ಅನಿಲ ಹೋದಂತೆಲ್ಲ ದ್ರವ ಆವಿಯಾಗಿ ಆ ಜಾಗ ತುಂಬುತ್ತದೆ. ಹಾಗಾಗಿ ದ್ರವ ಮುಗಿಯುವವರೆಗೂ ಒಳಗಿನ ಒತ್ತಡ ಹೆಚ್ಚುಕಡಿಮೆ ಅಷ್ಟೇ. ಅದನ್ನು ಏರಿಳಿಸುವುದು ಉಷ್ಣತೆ, ಉಳಿದಿರುವ ಪ್ರಮಾಣವಲ್ಲ. ಬೆಳಿಗ್ಗೆ ಜೋರಾಗಿ ಉರಿದ ಒಲೆ ರಾತ್ರಿ ಸಾರು ಕುದಿಯುವ ಮೊದಲೇ ಆರಿಹೋಗುವುದು ಇದಕ್ಕೇ.

ನಂಬಬೇಕಾದ್ದು ತಕ್ಕಡಿಯನ್ನು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ನಮೂದಿಸಿರುತ್ತಾರೆ; ಮನೆಬಳಕೆಯದಾದರೆ ಅದಕ್ಕೆ 14.2 ಕೆ.ಜಿ. ಕೂಡಿಸಿ, ಅದೇ ತುಂಬಿದ್ದರ ತೂಕ. ತಂದುಕೊಟ್ಟವರ ಎದುರೇ ತೂಗಿಸಿ, ಸಂಕೋಚ ಬೇಡ.

ಇನ್ನೊಂದು ಮಾತು: ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ.